ಪಿಕಪ್ ಗಾಡಿಯ ಡೀಸೆಲ್ ಪಂಪ್: ಕೆಟ್ಟಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವ, ಬದಲಿಸುವ ಕ್ರಮ

ಲೋಡ್ ಹಾಕಿಕೊಂಡು ಏರು ಹತ್ತುವಾಗ ಗಾಡಿ ಎಳೆಯುವುದಿಲ್ಲ. ಬೆಳಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಇಲ್ಲವೇ ಇಂಜಿನ್ ಬಿಸಿಯಾದ ಮೇಲೆ ಒಮ್ಮೆ ಆಫ್ ಮಾಡಿದರೆ ತಣ್ಣಗಾಗುವವರೆಗೂ ಹಿಡಿಯುವುದಿಲ್ಲ. ಇಂಥ ದೂರು ಹೇಳಿದ ಕೂಡಲೇ ಬರುವ ಉತ್ತರ ‘ಪಂಪ್ ಹೋಗಿದೆ’ ಎಂದು. ಪಂಪ್ ಹೋಗಿರಲೂಬಹುದು. ಆದರೆ ಕಟ್ಟಿಕೊಂಡ ಫಿಲ್ಟರ್, ಕೂದಲೆಳೆಯಷ್ಟು ಸೀಳಿದ ಹೋಸ್, ಸೋರುವ ಒಂದು ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ), ಸುಳ್ಳು ಹೇಳುವ ಸೆನ್ಸರ್ ಇವೆಲ್ಲವೂ ತೋರಿಸುವುದು ಇದೇ ಲಕ್ಷಣಗಳನ್ನೇ. ಹೈ ಪ್ರೆಶರ್ ಪಂಪ್ ಗಾಡಿಯ ದುಬಾರಿ ಭಾಗಗಳಲ್ಲೊಂದು. ಅದನ್ನು ಅನುಮಾನದ ಮೇಲೆ ಬದಲಿಸಬಾರದು. ಉಳಿದವರೆಲ್ಲ ನಿರಪರಾಧಿಗಳು ಎಂದು ಒಬ್ಬೊಬ್ಬರನ್ನಾಗಿ ಬಿಟ್ಟ ಮೇಲೆ ಕೊನೆಗೆ ಹಿಡಿಯಬೇಕಾದ ಆರೋಪಿ ಅದು.

ಇಲ್ಲಿ ಹೇಳಿರುವುದು ಮುಖ್ಯವಾಗಿ ಕಾಮನ್ ರೈಲ್ (ಒತ್ತಡದ ಡೀಸೆಲ್ ‘ರೈಲ್’ ಎಂಬ ಒಂದೇ ಕೊಳವೆಯಲ್ಲಿ ಸೇರಿ ಅಲ್ಲಿಂದ ಎಲ್ಲ ಇಂಜೆಕ್ಟರಿಗೂ ಹೋಗುವ) ಇಂಜಿನ್ನಿನ ಪಿಕಪ್‌ಗಳಿಗೆ. 2523 ಸಿಸಿಯ ಎಂ2ಡಿಐಸಿಆರ್ ಇಂಜಿನ್ನಿನ ಬೊಲೆರೊ ಪಿಕಪ್, ಮೂರು ಸಿಲಿಂಡರಿನ 1478 ಸಿಸಿಯ ಅಶೋಕ್ ಲೇಲ್ಯಾಂಡ್ ದೋಸ್ತ್, 2.2 ಲೀಟರಿನ ಟಾಟಾ ಯೋಧ ಈ ಜಾತಿಯವು. ಮಾಡೆಲ್ಲಿಗೂ ವರ್ಷಕ್ಕೂ ತಕ್ಕಂತೆ ಪಂಪಿನ ಮಾದರಿ, ಅದನ್ನು ತಿರುಗಿಸುವ ವ್ಯವಸ್ಥೆ, ಬೋಲ್ಟ್ ಬಿಗಿಸುವ ಅಳತೆ ಬೇರೆಯಾಗುತ್ತವೆ. ಕೆಳಗೆ ಕೊಟ್ಟಿರುವ ಅಂಕಿಗಳು ಸಾಮಾನ್ಯ ಅಳತೆಗಳು. ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಬೇರೆ ಅಂಕಿ ಹೇಳಿದರೆ ಅದೇ ಅಂತಿಮ. ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗಳ ಬಗ್ಗೆ ಕೊನೆಯ ಹೊತ್ತಿಗೆ ಪ್ರತ್ಯೇಕವಾಗಿ ಹೇಳಿದೆ.

ಡೀಸೆಲ್ ಹೋಗುವ ದಾರಿ

ದಾರಿ ಗೊತ್ತಿದ್ದರೆ ಅರ್ಧ ಪತ್ತೆ ಮುಗಿದಂತೆ. ಟ್ಯಾಂಕಿನೊಳಗಿನ ಜಾಲರಿಯಿಂದ ಹೊರಟ ಡೀಸೆಲ್ ಪೈಪಿನಲ್ಲಿ ಫಿಲ್ಟರಿಗೆ ಬರುತ್ತದೆ. ಫಿಲ್ಟರ್ ತಲೆಯ ಮೇಲೋ ಪೈಪಿನ ನಡುವೆಯೋ ಕೈಯಿಂದ ಒತ್ತುವ ಹ್ಯಾಂಡ್ ಪ್ರೈಮರ್ ಇರುತ್ತದೆ. ಅಲ್ಲಿಂದ ಡೀಸೆಲ್ ಹೈ ಪ್ರೆಶರ್ ಪಂಪಿಗೆ ಹೋಗುತ್ತದೆ. ಬಹಳಷ್ಟು ಗಾಡಿಗಳಲ್ಲಿ ಟ್ಯಾಂಕಿನಲ್ಲಿ ಕರೆಂಟ್ ಮೋಟಾರ್ ಇರುವುದಿಲ್ಲ. ಹೈ ಪ್ರೆಶರ್ ಪಂಪಿನ ಬೆನ್ನಿಗೇ ಅಂಟಿಕೊಂಡಿರುವ ಸಣ್ಣ ಗೇರ್ ಪಂಪ್ ಟ್ಯಾಂಕಿನಿಂದ ಡೀಸೆಲನ್ನು ಎಳೆದುಕೊಳ್ಳುತ್ತದೆ. ಅಂದರೆ ಟ್ಯಾಂಕಿನಿಂದ ಪಂಪಿನವರೆಗಿನ ಇಡೀ ದಾರಿಯಲ್ಲಿ ಒತ್ತಡ ಇಲ್ಲ, ಎಳೆತ ಇದೆ. ಹಾಗಾಗಿ ಆ ದಾರಿಯಲ್ಲಿ ಎಲ್ಲಾದರೂ ಸಂದು ಬಿಟ್ಟರೆ ಡೀಸೆಲ್ ಹೊರಗೆ ಜಿನುಗುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗೆಲ್ಲ ಒಣಗಿದೆ, ಲೀಕೇಜ್ ಇಲ್ಲ ಎಂದು ನೋಡಿ ಸುಮ್ಮನಾದವರು ಮೋಸ ಹೋಗುವುದು ಇಲ್ಲೇ.

ಗೇರ್ ಪಂಪ್ ಎಳೆದ ಡೀಸೆಲ್ಲಿನಲ್ಲಿ ಎಷ್ಟು ಒಳಗೆ ಬಿಡಬೇಕು ಎಂಬುದನ್ನು ಮೀಟರಿಂಗ್ ಯೂನಿಟ್ ಎಂಬ ಕರೆಂಟ್ ವಾಲ್ವ್ ತೀರ್ಮಾನಿಸುತ್ತದೆ. ಒಳಗೆ ಬಿಟ್ಟದ್ದನ್ನು ಪಂಪಿನೊಳಗಿನ ಸಣ್ಣ ಪಿಸ್ಟನ್‌ಗಳಾದ ಪ್ಲಂಜರ್‌ಗಳು ಒತ್ತಿ ರೈಲಿಗೆ ಕಳಿಸುತ್ತವೆ. ಸೆಲ್ಫ್ ಹೊಡೆಯುವಾಗ ರೈಲಿನಲ್ಲಿ ಸುಮಾರು 150ರಿಂದ 200 ಬಾರ್ (ಒತ್ತಡದ ಅಳತೆ) ಆಗದಿದ್ದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಇಂಜೆಕ್ಟರ್ ತೆರೆಯುವುದೇ ಇಲ್ಲ. ಐಡ್ಲಿಂಗಿನಲ್ಲಿ (ಕಾಲು ಒತ್ತದೆ ಇಂಜಿನ್ ಸುಮ್ಮನೆ ಓಡುವಾಗ) 250ರಿಂದ 350 ಬಾರ್ ಇರುತ್ತದೆ. ಪೂರ್ತಿ ಲೋಡಿನಲ್ಲಿ 1600 ಬಾರ್‌ವರೆಗೆ, ಕೆಲವದರಲ್ಲಿ ಅದಕ್ಕೂ ಮೇಲೆ ಹೋಗುತ್ತದೆ.

ಕೈ ಹಾಕುವ ಮೊದಲು

1600 ಬಾರ್ ಒತ್ತಡದ ಡೀಸೆಲ್ ಸೂಜಿಗಿಂತ ಸಣ್ಣ ಎಳೆಯಾಗಿ ಬಂದರೂ ಚರ್ಮ ತೂರಿ ಮಾಂಸದೊಳಗೆ ಹೋಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟು ಗುರುತು ಮಾತ್ರ ಕಾಣುತ್ತದೆ, ನೋವೂ ಮೊದಲಿಗೆ ಹೆಚ್ಚಿರುವುದಿಲ್ಲ; ಆದರೆ ಒಳಗೆ ಕೈಯ ಅಂಗಾಂಶ ಸಾಯತೊಡಗುತ್ತದೆ. ಹಾಗಾದರೆ ಒಂದು ಗಂಟೆಯನ್ನೂ ವ್ಯರ್ಥ ಮಾಡದೆ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ, ‘ಹೈ ಪ್ರೆಶರ್ ಡೀಸೆಲ್ ಒಳಗೆ ಹೋಗಿದೆ’ ಎಂದು ಬಿಡಿಸಿ ಹೇಳಬೇಕು. ಮುಲಾಮು ಹಚ್ಚಿ ನಾಳೆ ನೋಡೋಣ ಎನ್ನುವ ಗಾಯ ಇದಲ್ಲ.

ಹಳೇ ಗಾಡಿಗಳಲ್ಲಿ ಇಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಮಿಸ್ಸಿಂಗ್ (ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು) ನೋಡುವ ಅಭ್ಯಾಸ ಇತ್ತು. ಕಾಮನ್ ರೈಲಿನಲ್ಲಿ ಅದನ್ನು ಎಂದೂ ಮಾಡಬೇಡಿ. ಇಂಜಿನ್ ಆಫ್ ಮಾಡಿ ಕನಿಷ್ಠ 5 ನಿಮಿಷ ಬಿಟ್ಟು, ಸ್ಕ್ಯಾನರಿನಲ್ಲಿ (ಇಸಿಯು ಮಾಹಿತಿ ಓದುವ ಸಾಧನ) ರೈಲ್ ಪ್ರೆಶರ್ ಸೊನ್ನೆಯ ಹತ್ತಿರ ಇಳಿದದ್ದು ನೋಡಿ, ಆಮೇಲೆ ನಟ್‌ಗೆ ಸ್ಪ್ಯಾನರ್ ಹಾಕಿ. ಲೀಕೇಜ್ ಹುಡುಕುವಾಗ ಬೆರಳು ಸವರಬೇಡಿ, ರಟ್ಟಿನ ತುಂಡು ಹಿಡಿಯಿರಿ. ಕಣ್ಣಿಗೆ ಕನ್ನಡಕ ಇರಲಿ, ಬೀಡಿ ಸಿಗರೇಟು ದೂರ ಇರಲಿ.

ಅಗ್ಗದ ಪರೀಕ್ಷೆಯಿಂದ ಶುರು

ಮೊದಲು ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ನೋಡಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಹೀಟರ್ ಪ್ಲಗ್, ಕಂಪ್ರೆಷನ್ ಕಡೆ ನೋಡಬೇಕು. ಹೊಗೆಯೇ ಇಲ್ಲದಿದ್ದರೆ ಇಂಜೆಕ್ಟರ್ ತೆರೆಯುತ್ತಿಲ್ಲ. ಸೆಲ್ಫ್ ನಿಧಾನ ತಿರುಗುತ್ತಿದ್ದರೆ ಎಲ್ಲಕ್ಕಿಂತ ಮೊದಲು ಬ್ಯಾಟರಿ, ಅರ್ಥ್ ವೈರ್ ಸರಿಮಾಡಿ. ಇಂಜಿನ್ ನಿಧಾನ ತಿರುಗಿದರೆ ಒಳ್ಳೇ ಪಂಪೂ ಪ್ರೆಶರ್ ಕಟ್ಟಲಾರದು.

ನಂತರ ಡಿಪ್ ಸ್ಟಿಕ್ ತೆಗೆದು ಆಯಿಲ್ ಮೂಸಿ ನೋಡಿ. ಆಯಿಲ್ ಮಟ್ಟ ಏರಿದ್ದು, ತೆಳ್ಳಗಾಗಿ ಡೀಸೆಲ್ ವಾಸನೆ ಹೊಡೆಯುತ್ತಿದ್ದರೆ ಪಂಪಿನ ಶಾಫ್ಟ್ ಸೀಲ್ ಹೋಗಿ ಡೀಸೆಲ್ ಇಂಜಿನ್ ಒಳಗೆ ಇಳಿಯುತ್ತಿರಬಹುದು. ಇಂಜೆಕ್ಟರ್ ಸೋರಿದರೂ ಹೀಗಾಗುತ್ತದೆ. ಯಾವುದೇ ಕಾರಣವಿರಲಿ, ಆ ಆಯಿಲಿನಲ್ಲಿ ಗಾಡಿ ಓಡಿಸಿದರೆ ಬೇರಿಂಗ್ ತಿನ್ನುತ್ತದೆ. ರಿಪೇರಿ ಮುಗಿದ ಮೇಲೆ ಆಯಿಲೂ ಆಯಿಲ್ ಫಿಲ್ಟರೂ ಬದಲಾಗಲೇಬೇಕು.

ಇನ್ನು ಸ್ಕ್ಯಾನರ್. ದೋಷದ ಕೋಡ್ ಓದುವುದಷ್ಟೇ ಸಾಲದು, ಲೈವ್ ಡೇಟಾ ತೋರಿಸುವ ಸ್ಕ್ಯಾನರ್ ಬೇಕು. ಪಿ0087 ಬಂದರೆ ರೈಲ್ ಪ್ರೆಶರ್ ಕಡಿಮೆ, ಪಿ0088 ಬಂದರೆ ಹೆಚ್ಚು. ಪಿ0087 ಎಂದರೆ ‘ಪಂಪ್ ಬದಲಿಸಿ’ ಎಂದಲ್ಲ. ಬೇಕಾದಷ್ಟು ಪ್ರೆಶರ್ ಆಗಲಿಲ್ಲ ಎಂದಷ್ಟೇ ಆ ಕೋಡ್ ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಇಸಿಯು ಕೇಳುತ್ತಿರುವ ಪ್ರೆಶರ್, ನಿಜವಾಗಿ ಸಿಗುತ್ತಿರುವ ಪ್ರೆಶರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಐಡ್ಲಿಂಗಿನಲ್ಲಿ ಎರಡೂ ಕೂಡಿಕೊಂಡು ಹೋಗಿ, ಏರಿನಲ್ಲಿ ಕಾಲು ಒತ್ತಿದಾಗ ಮಾತ್ರ ಸಿಗುವುದು ಕೆಳಗೆ ಉಳಿದರೆ ಫಿಲ್ಟರ್ ಅಥವಾ ಎಳೆತದ ದಾರಿಯ ಮೇಲೆ ಮೊದಲ ಅನುಮಾನ ಇಡಿ. ಸೆಲ್ಫಿನಲ್ಲೇ 150 ದಾಟದಿದ್ದರೆ ಗಾಳಿ, ಇಂಜೆಕ್ಟರ್ ರಿಟರ್ನ್ (ಇಂಜೆಕ್ಟರಿನಿಂದ ಟ್ಯಾಂಕಿಗೆ ಮರಳುವ ಡೀಸೆಲ್), ಪಂಪ್ ಮೂರೂ ಪಟ್ಟಿಯಲ್ಲಿವೆ.

ಸ್ಕ್ಯಾನರ್ ನಂಬುವ ಮೊದಲು ಸೆನ್ಸರ್ ನಂಬಬಹುದೇ ನೋಡಿ. ಗಾಡಿ ನಿಂತು ಗಂಟೆಗಳಾದ ಮೇಲೆ ಕೀ ಆನ್ ಮಾಡಿದರೆ ರೈಲ್ ಪ್ರೆಶರ್ ಸೊನ್ನೆಯ ಆಸುಪಾಸು ತೋರಿಸಬೇಕು. ನಿಂತ ಗಾಡಿಯಲ್ಲೂ 60, 80 ಬಾರ್ ತೋರಿಸಿದರೆ ಸೆನ್ಸರ್ ಅಥವಾ ವೈರಿಂಗ್ ದೋಷ. ಮಲ್ಟಿಮೀಟರ್ ಇದ್ದರೆ ಸೆನ್ಸರ್ ಸಾಕೆಟ್ಟಿನಲ್ಲಿ 5 ವೋಲ್ಟ್ ಸಪ್ಲೈ, ಪ್ರೆಶರ್ ಇಲ್ಲದಾಗ ಸಿಗ್ನಲ್ ವೈರಿನಲ್ಲಿ ಸುಮಾರು 0.5 ವೋಲ್ಟ್ ಸಿಗಬೇಕು. ಮೀಟರಿಂಗ್ ಯೂನಿಟ್ಟಿನ ಸಾಕೆಟ್ ಕಿತ್ತು ಎರಡು ಪಿನ್ ನಡುವೆ ಓಮ್ ಅಳೆಯಿರಿ. ಬಾಷ್ ಮಾದರಿಗಳಲ್ಲಿ ತಣ್ಣಗಿರುವಾಗ 2ರಿಂದ 5 ಓಮ್ ಒಳಗಿರುತ್ತದೆ. ಓಪನ್ (ಒಳಗೆ ವೈರ್ ಕಡಿದಿದೆ ಎಂದು) ತೋರಿಸಿದರೆ ಯೂನಿಟ್ ಸುಟ್ಟಿದೆ. ಪಿನ್‌ಗಳಲ್ಲಿ ಹಸಿರು ತುಕ್ಕು ಇದ್ದರೆ ತೊಳೆದು ಒಣಗಿಸಿ ಮತ್ತೆ ನೋಡಿ.

ಎಳೆತದ ದಾರಿ

ಟ್ಯಾಂಕ್ ಮುಚ್ಚಳ ತೆಗೆಯಿರಿ. ‘ಸುಸ್’ ಎಂದು ಗಾಳಿ ಒಳಗೆ ಎಳೆದು, ಗಾಡಿ ಆಮೇಲೆ ಚೆನ್ನಾಗಿ ಓಡಿದರೆ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ. ಡೀಸೆಲ್ ಖಾಲಿಯಾದಂತೆ ಗಾಳಿ ಒಳಗೆ ಬರದಿದ್ದರೆ ಟ್ಯಾಂಕಿನಲ್ಲಿ ಎಳೆತ ಬೆಳೆದು ಗೇರ್ ಪಂಪ್ ಸೋಲುತ್ತದೆ.

ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಅರ್ಧ ಲೋಟದಷ್ಟು ಬಿಟ್ಟು 10 ನಿಮಿಷ ಇಡಿ. ತಳದಲ್ಲಿ ನೀರು ಗೆರೆ ಕಟ್ಟಿ ನಿಲ್ಲುತ್ತದೆ. ಫಿಲ್ಟರ್ ಬದಲಿಸಿ ಎಷ್ಟು ಕಾಲವಾಯಿತು ಎಂದು ನೆನಪಿಲ್ಲದಿದ್ದರೆ ಮುಂದಿನ ಪರೀಕ್ಷೆಗೆ ಹೋಗುವ ಮೊದಲೇ ಬದಲಿಸಿ.

ಹ್ಯಾಂಡ್ ಪ್ರೈಮರ್ ಒತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಪೊಳ್ಳಾಗಿಯೇ ಇದ್ದರೆ ಗಾಳಿ ಸೇರುತ್ತಿದೆ ಅಥವಾ ಪ್ರೈಮರಿನ ವಾಲ್ವ್ ಹೋಗಿದೆ. ರಬ್ಬರ್ ಬಲ್ಬಿನ ಪ್ರೈಮರ್ ಇಂಜಿನ್ ಓಡುವಾಗ ಒಳಕ್ಕೆ ಚಪ್ಪಟೆಯಾದರೆ ಅದಕ್ಕಿಂತ ಹಿಂದೆ, ಟ್ಯಾಂಕಿನ ಜಾಲರಿಯಲ್ಲೋ ಪೈಪಿನಲ್ಲೋ ಕಟ್ಟಿದೆ.

ಪಂಪಿಗೆ ಹೋಗುವ ಹೋಸಿನಲ್ಲಿ ಅರ್ಧ ಅಡಿಯಷ್ಟು ಪಾರದರ್ಶಕ ಪೈಪ್ ಸೇರಿಸಿ ಇಂಜಿನ್ ಓಡಿಸಿ. ಸ್ಟಾರ್ಟ್ ಆದ ಕೂಡಲೇ ನಾಲ್ಕು ಗುಳ್ಳೆ ಬಂದು ನಿಂತರೆ ತೊಂದರೆಯಿಲ್ಲ. ಬಿಡದೆ ಗುಳ್ಳೆ ಸಾಲು ಬರುತ್ತಿದ್ದರೆ ಹಿಂದೆ ಗಾಳಿ ಸೇರುವ ಜಾಗ ಇದೆ. ಕ್ಲಿಪ್ಪಿನ ಕೆಳಗೆ ಒಣಗಿ ಸೀಳಿದ ಹೋಸ್ ತುದಿ, ಫಿಲ್ಟರಿನ ಡ್ರೈನ್ ಸ್ಕ್ರೂ ವಾಷರ್, ಹೊಸ ಫಿಲ್ಟರ್ ಹಾಕುವಾಗ ಮಡಚಿಕೊಂಡ ಓ ರಿಂಗ್ ಇವು ಮೂರೇ ಬಹುತೇಕ ಕಾರಣ. ಟಿ ಜಾಯಿಂಟ್ ಹಾಕಿ ವ್ಯಾಕ್ಯೂಮ್ ಗೇಜ್ ಇಟ್ಟರೆ ಇನ್ನೂ ಸ್ಪಷ್ಟ: ರೇಸ್ ಮಾಡಿದಾಗ ಎಳೆತ 0.3 ಬಾರ್ ದಾಟಿ ಹೋಗುತ್ತಿದ್ದರೆ ಡೀಸೆಲ್ ಸಲೀಸಾಗಿ ಬರುತ್ತಿಲ್ಲ.

ಈ ಎಲ್ಲದಕ್ಕಿಂತ ನಂಬಿಕಸ್ತ ಪರೀಕ್ಷೆ ಕ್ಯಾನ್ ಟೆಸ್ಟ್. 5 ಲೀಟರ್ ಶುದ್ಧ ಡೀಸೆಲ್ಲಿನ ಕ್ಯಾನನ್ನು ಪಂಪಿಗಿಂತ ಎತ್ತರದಲ್ಲಿ ಗಟ್ಟಿಯಾಗಿ ಕಟ್ಟಿ, ಹೊಸ ಹೋಸ್ ಹಾಗೂ ಹೊಸ ಫಿಲ್ಟರ್ ಮೂಲಕ ನೇರ ಪಂಪಿಗೆ ಕೊಡಿ. ರಿಟರ್ನನ್ನೂ ಅದೇ ಕ್ಯಾನಿಗೆ ಬಿಡಿ. ಟ್ಯಾಂಕ್, ಪೈಪ್, ಪ್ರೈಮರ್ ಎಲ್ಲ ಒಂದೇ ಏಟಿಗೆ ಹೊರಗಾದವು. ಈಗ ಗಾಡಿ ಸರಿಯಾಗಿ ಸ್ಟಾರ್ಟ್ ಆಗಿ ಪ್ರೆಶರ್ ಕಟ್ಟಿದರೆ ಪಂಪ್ ಚೆನ್ನಾಗಿದೆ, ದೋಷ ಹಿಂದಿದೆ. ಪಂಪ್ ಬಿಚ್ಚಿಸಬೇಕು ಎಂದು ಯಾರಾದರೂ ಹೇಳಿದರೆ ಮೊದಲು ಈ ಪರೀಕ್ಷೆ ಮಾಡಿಸಿ.

ಟ್ಯಾಂಕಿನಲ್ಲಿ ಕರೆಂಟ್ ಪಂಪ್ ಇರುವ ಗಾಡಿಯಾದರೆ ಕೀ ಆನ್ ಮಾಡಿದಾಗ ಕೆಲ ಸೆಕೆಂಡ್ ‘ಗುಂಯ್’ ಸದ್ದು ಕೇಳಬೇಕು. ಕೇಳದಿದ್ದರೆ ಫ್ಯೂಸ್, ರಿಲೇ, ಆಮೇಲೆ ಪಂಪಿನ ಸಾಕೆಟ್ಟಿನಲ್ಲಿ ವೋಲ್ಟೇಜ್ ನೋಡಿ. ಬ್ಯಾಟರಿಯ ವೋಲ್ಟೇಜಿಗಿಂತ ಅದು ಅರ್ಧ ವೋಲ್ಟಿಗೂ ಹೆಚ್ಚಾಗಿ ಇಳಿದಿದ್ದರೆ ವೈರಿಂಗ್ ಅಥವಾ ಅರ್ಥ್ ದೋಷ.

ಇಂಜೆಕ್ಟರ್ ರಿಟರ್ನ್ ಅಳೆಯುವುದು

ಪಂಪ್ ಎಷ್ಟೇ ಒತ್ತಿದರೂ ಒಂದು ಇಂಜೆಕ್ಟರ್ ಒಳಗೊಳಗೇ ರಿಟರ್ನಿಗೆ ಬಿಟ್ಟುಕೊಡುತ್ತಿದ್ದರೆ ಪ್ರೆಶರ್ ನಿಲ್ಲುವುದಿಲ್ಲ. ಹೊಸ ಪಂಪ್ ಹಾಕಿದ ಮೇಲೂ ಅದೇ ದೂರು ಉಳಿಯುವುದಕ್ಕೆ ಇದೇ ದೊಡ್ಡ ಕಾರಣ.

ಇಂಜೆಕ್ಟರ್ ತಲೆಯ ರಿಟರ್ನ್ ಕ್ಲಿಪ್‌ಗಳನ್ನು ಕಳಚಿ, ಪ್ರತಿಯೊಂದಕ್ಕೂ ಒಂದೇ ಉದ್ದದ ಸಣ್ಣ ಪಾರದರ್ಶಕ ಟ್ಯೂಬ್ ಹಾಕಿ, ಒಂದೇ ಅಳತೆಯ ಬಾಟಲಿಗಳಿಗೆ ಬಿಡಿ. ಬಾಟಲಿ ಮೇಲೆ 1, 2, 3, 4 ಎಂದು ಬರೆಯಿರಿ. ಕಳಚಿದ ರಿಟರ್ನ್ ಪೈಪಿನ ಬಾಯಿಗಳನ್ನು ಮುಚ್ಚುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಪಂಪಿನ ರಿಟರ್ನ್ ಡೀಸೆಲ್ ಅಲ್ಲಿಂದ ಹಿಂದಕ್ಕೆ ಬಂದು ಇಂಜಿನ್ ಮೇಲೆಲ್ಲ ಚೆಲ್ಲುತ್ತದೆ. ಗಾಡಿ ಸ್ಟಾರ್ಟ್ ಆಗುವಂತಿದ್ದರೆ ಇಂಜಿನ್ ಬಿಸಿಮಾಡಿ 3 ನಿಮಿಷ ಐಡ್ಲಿಂಗ್ ಬಿಡಿ. ಬಾಟಲಿಗಳ ಮಟ್ಟ ಹೆಚ್ಚುಕಡಿಮೆ ಸಮ ಇರಬೇಕು. ಒಂದರಲ್ಲಿ ಉಳಿದವುಗಳ ಎರಡರಷ್ಟು ಮೂರರಷ್ಟು ಬಂದಿದ್ದರೆ ಆ ಇಂಜೆಕ್ಟರ್ ಹೋಗಿದೆ. ಸ್ಟಾರ್ಟೇ ಆಗದ ಗಾಡಿಯಲ್ಲಿ 10 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಸೆಲ್ಫಿನ ಹೊತ್ತಿಗೆ ಒಳ್ಳೇ ಇಂಜೆಕ್ಟರಿನಿಂದ ಹನಿ ಬಂದರೂ ಅಷ್ಟಕ್ಕಷ್ಟೇ. ಒಂದು ಟ್ಯೂಬ್ ಮಾತ್ರ ಸರಸರನೆ ತುಂಬಿದರೆ ಕಳ್ಳ ಸಿಕ್ಕಂತೆ.

ರೈಲಿನ ತುದಿಯಲ್ಲಿ ಪ್ರೆಶರ್ ಲಿಮಿಟಿಂಗ್ ವಾಲ್ವ್ (ಒತ್ತಡ ಮಿತಿ ಮೀರಿದರೆ ಮಾತ್ರ ತೆರೆಯುವುದು) ಇದ್ದರೆ ಅದರ ರಿಟರ್ನ್ ಹೋಸನ್ನೂ ಬಿಚ್ಚಿ ಬಾಟಲಿಗೆ ಹಾಕಿ. ಸೆಲ್ಫ್ ಹೊಡೆಯುವಾಗ ಅಲ್ಲಿಂದ ಡೀಸೆಲ್ ಬರಲೇಬಾರದು.

ಇದಾದ ಮೇಲೂ ಸಂದೇಹ ಉಳಿದರೆ ರೈಲ್ ಬ್ಲಾಂಕಿಂಗ್ ಕ್ಯಾಪ್ ಬಳಸಬಹುದು. ಇಂಜೆಕ್ಟರಿಗೆ ಹೋಗುವ ರೈಲಿನ ಬಾಯಿಗಳನ್ನು ಅದಕ್ಕೆಂದೇ ಮಾಡಿದ ಉಕ್ಕಿನ ಕ್ಯಾಪಿನಿಂದ ಒಂದೊಂದಾಗಿ ಮುಚ್ಚಿ ಸೆಲ್ಫ್ ಹೊಡೆದು ಸ್ಕ್ಯಾನರ್ ನೋಡುವುದು. ಲೇತ್‌ನಲ್ಲಿ ಹೇಗೋ ಮಾಡಿಸಿದ ಕ್ಯಾಪ್, ಬೆಸುಗೆ ಹಾಕಿದ ನಟ್ ಬೇಡ; ಮೇಲೆ ಹೇಳಿದ ಗಾಯ ಆಗುವುದು ಇಂಥ ಕಡೆಯೇ. 3ನೇದನ್ನು ಮುಚ್ಚಿದಾಗ ಪ್ರೆಶರ್ ಜಿಗಿದರೆ 3ನೇ ಇಂಜೆಕ್ಟರ್ ದೋಷಿ. ಎಲ್ಲ ಮುಚ್ಚಿದರೂ, ಶುದ್ಧ ಡೀಸೆಲ್ ಗಾಳಿಯಿಲ್ಲದೆ ಒಳಗೆ ಹೋಗುತ್ತಿದ್ದರೂ, ಲಿಮಿಟಿಂಗ್ ವಾಲ್ವ್ ಬಿಗಿಯಾಗಿದ್ದರೂ ಪ್ರೆಶರ್ ಏರದಿದ್ದರೆ ಆಗ ಪಂಪ್ ಬಿಚ್ಚಿ. ಬಿಸಿಯಾದಾಗ ಮಾತ್ರ ಸ್ಟಾರ್ಟ್ ಆಗದಿರುವುದು ಸವೆದ ಪಂಪಿನ ಗುಣ. ಬಿಸಿಗೆ ಡೀಸೆಲ್ ತೆಳ್ಳಗಾಗಿ ಪ್ಲಂಜರ್ ಸಂದಿನಿಂದ ಹೆಚ್ಚು ಜಾರುತ್ತದೆ. ಹಾಗಾಗಿ ಈ ಪರೀಕ್ಷೆಗಳನ್ನು ಬಿಸಿ ಇಂಜಿನ್ನಿನಲ್ಲೇ ಮಾಡಿ.

ಮೀಟರಿಂಗ್ ಯೂನಿಟ್ಟಿನ ಜಾಲರಿ ಹೇಳುವ ಸಂಗತಿ

ಪಂಪ್ ಗಾಡಿಯಲ್ಲಿರುವಾಗಲೇ ಸುತ್ತ ಚೆನ್ನಾಗಿ ತೊಳೆದು ಮೀಟರಿಂಗ್ ಯೂನಿಟ್ ಬಿಚ್ಚಿ. ಸಾಮಾನ್ಯವಾಗಿ ಟಾರ್ಕ್ಸ್ ತಲೆಯ ಎರಡು ಮೂರು ಸ್ಕ್ರೂ ಇರುತ್ತವೆ. ಒಳಭಾಗದಲ್ಲಿ ಜಾಲರಿ ಇದ್ದರೆ ಅದನ್ನು ಬಿಸಿಲಿಗೆ ಹಿಡಿದು ನೋಡಿ. ಪಂಪಿನ ಆ ಗೂಡಿನಲ್ಲಿ ಉಳಿದ ಡೀಸೆಲನ್ನು ಸಿರಿಂಜಿನಲ್ಲಿ ಎಳೆದು ಬಿಳಿ ಬಟ್ಟಲಿಗೆ ಬಿಟ್ಟು ಆಡಿಸಿ. ಜರಿಯ ಪುಡಿಯಂತೆ ಮಿನುಗುತ್ತಾ ಬಟ್ಟಲಿನ ಅಂಚಿಗೆ ಸೇರಿದರೆ, ಬಟ್ಟಲಿನ ಕೆಳಗೆ ಆಯಸ್ಕಾಂತ ಎಳೆದಾಗ ಅದರ ಹಿಂದೆ ಸರಿದರೆ, ಅದು ಪಂಪಿನೊಳಗಿನ ಉಕ್ಕು.

ಈ ಮಿನುಗು ಕಂಡರೆ ಬರೀ ಪಂಪ್ ಬದಲಿಸಿ ಕೈ ತೊಳೆದುಕೊಳ್ಳಲು ಬರುವುದಿಲ್ಲ. ಆ ಪುಡಿ ರೈಲಿಗೆ, ಇಂಜೆಕ್ಟರಿಗೆ ಹೋಗಿದೆ. ರಿಟರ್ನ್ ಮೂಲಕ ಟ್ಯಾಂಕಿಗೂ ಬಿದ್ದಿದೆ. ಟ್ಯಾಂಕ್ ಇಳಿಸಿ ತೊಳೆಯಬೇಕು. ಪೈಪ್‌ಗಳನ್ನು ಊದಿ ತೊಳೆಯಬೇಕು, ಪಂಪಿನಿಂದ ರೈಲಿಗೆ ಹೋಗುವ ಹೈ ಪ್ರೆಶರ್ ಪೈಪನ್ನು ಹೊಸದೇ ಹಾಕಬೇಕು. ರೈಲನ್ನು ಪಂಪ್ ಅಂಗಡಿಯಲ್ಲಿ ತೊಳೆಸಬೇಕು ಇಲ್ಲವೇ ಬದಲಿಸಬೇಕು. ಇಂಜೆಕ್ಟರ್‌ಗಳನ್ನು ಟೆಸ್ಟ್ ಬೆಂಚಿಗೆ ಹಾಕಿಸಬೇಕು. ಖರ್ಚು ದೊಡ್ಡದು, ನಿಜ. ಆದರೆ ಉಳಿದ ಪುಡಿ ಹೊಸ ಇಂಜೆಕ್ಟರನ್ನೂ ಹೊಸ ಪಂಪನ್ನೂ ಒಟ್ಟಿಗೇ ತಿಂದು ಹಾಕಿದರೆ ಅದೇ ಖರ್ಚನ್ನು ಎರಡನೇ ಸಲ ಮಾಡಬೇಕಾಗುತ್ತದೆ.

ಪಂಪ್ ಯಾಕೆ ಸತ್ತಿತು ಎಂಬುದನ್ನೂ ಈ ಹಂತದಲ್ಲೇ ಕಂಡುಕೊಳ್ಳಿ. ಈ ಪಂಪಿಗೆ ಬೇರೆ ಆಯಿಲ್ ಇಲ್ಲ, ಒಳಗೆ ಹರಿಯುವ ಡೀಸೆಲ್ಲೇ ಅದರ ಗ್ರೀಸು, ಅದೇ ತಂಪು. ಸೀಮೆಎಣ್ಣೆ ಬೆರೆಸಿದ ಡೀಸೆಲ್ಲಿನಲ್ಲಿ ಆ ಜಿಡ್ಡು ಇರುವುದಿಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಎಂಬ ಹೊಗೆ ನಿಯಮದ ಡೀಸೆಲ್ಲಿನಲ್ಲಿ ಗಂಧಕ 10 ಪಿಪಿಎಂಗೆ (ಹತ್ತು ಲಕ್ಷದಲ್ಲಿ 10 ಭಾಗ) ಇಳಿದಿದೆ. ಗಂಧಕ ತೆಗೆಯುವ ಪ್ರಕ್ರಿಯೆಯಲ್ಲೇ ಜಿಡ್ಡಿನ ಗುಣವೂ ಹೋಗುವುದರಿಂದ ರಿಫೈನರಿಯಲ್ಲಿ ಅದನ್ನು ಮತ್ತೆ ಸೇರಿಸುತ್ತಾರೆ. ಅದರ ಮೇಲೆ ಸೀಮೆಎಣ್ಣೆ ಸುರಿದರೆ ಆ ಅಳತೆ ಕೆಡುತ್ತದೆ. ತಪ್ಪಿ ಪೆಟ್ರೋಲ್ ಹಾಕಿಸಿದರೂ ಹೀಗೇ: ಕೀ ಆನ್ ಕೂಡ ಮಾಡದೆ ಟ್ಯಾಂಕ್ ಖಾಲಿ ಮಾಡಿಸಬೇಕು. ಫಿಲ್ಟರಿನಲ್ಲಿ ನೀರು ತುಂಬಲು ಬಿಡುವುದು, ಟ್ಯಾಂಕ್ ಬರಿದಾಗುವವರೆಗೆ ಓಡಿಸಿ ಆಮೇಲೆ ಏರ್ ತೆಗೆಯದೆ ಸೆಲ್ಫ್ ಮೇಲೆ ಸೆಲ್ಫ್ ಹೊಡೆಯುವುದು, ಅಗ್ಗದ ನಕಲಿ ಫಿಲ್ಟರ್ ಹಾಕುವುದು ಇವು ಉಳಿದ ಕಾರಣಗಳು.

ತರಬೇಕಾದ ಸಾಮಾನು

ಹಳೇ ಪಂಪಿನ ತಗಡಿನ ಮೇಲಿನ ನಂಬರನ್ನು ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ಬಾಷ್ ಪಂಪಾದರೆ 0445ರಿಂದ ಶುರುವಾಗುವ ಹತ್ತಂಕಿಯ ನಂಬರ್ ಇರುತ್ತದೆ. ನೋಡಲು ಒಂದೇ ಥರ ಇರುವ ಎರಡು ಪಂಪ್‌ಗಳ ಶಾಫ್ಟ್, ಮೀಟರಿಂಗ್ ಯೂನಿಟ್ ಬೇರೆ ಇರಬಹುದು. ಬಿಎಸ್4 ಗಾಡಿಯದು ಬಿಎಸ್6ಗೆ ಆಗುತ್ತದೆ ಎಂದು ಅಂದಾಜಿನಲ್ಲಿ ತರಬೇಡಿ. ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ 2008ರಲ್ಲೇ ಬಾಷ್ ಲಿಮಿಟೆಡ್ ಆದರೂ ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಇಂದಿಗೂ ‘ಮೈಕೋ ಪಂಪ್’ ಎಂಬ ಮಾತಿದೆ. ಹಾಗೆ ಬಾಯಿಮಾತಿನಲ್ಲಿ ಕೇಳಿದರೆ ಕೈಗೆ ಯಾವುದು ಬೇಕಾದರೂ ಬರಬಹುದು, ನಂಬರ್ ತೋರಿಸಿ. ರೀಕಂಡೀಷನ್ ಮಾಡಿದ್ದನ್ನು ತರುವುದಾದರೆ ಟೆಸ್ಟ್ ಬೆಂಚಿನ ರಿಪೋರ್ಟ್ ಕಾಗದ ಕೇಳಿ ಪಡೆಯಿರಿ.

ಜೊತೆಗೆ ಪಂಪಿನ ಓ ರಿಂಗ್ ಅಥವಾ ಪ್ಯಾಕಿಂಗ್, ಬ್ಯಾಂಜೋ (ಒಳಗೆ ಡೀಸೆಲ್ ಹರಿಯುವ ತೂತಿರುವ) ಬೋಲ್ಟ್‌ಗಳಿಗೆ ಹೊಸ ತಾಮ್ರದ ವಾಷರ್, ಡೀಸೆಲ್ ಫಿಲ್ಟರ್, ಹೈ ಪ್ರೆಶರ್ ಪೈಪ್, ಬಾಯಿ ಮುಚ್ಚಲು ಪ್ಲಾಸ್ಟಿಕ್ ಕ್ಯಾಪ್‌ಗಳು, 2 ಲೀಟರ್ ಶುದ್ಧ ಡೀಸೆಲ್, ಬ್ರೇಕ್ ಕ್ಲೀನರ್ ಎರಡು ಡಬ್ಬಿ, ನೂಲು ಬಿಡದ ಬಟ್ಟೆ. ಬನಿಯನ್ ವೇಸ್ಟ್ ಈ ಕೆಲಸಕ್ಕೆ ಬೇಡ, ಅದರ ಎಳೆಯೇ ಕಸ. ಸಲಕರಣೆಯಲ್ಲಿ ಟಾರ್ಕ್ ವ್ರೆಂಚ್ ಮತ್ತು ಗೇರ್ ಪುಲ್ಲರ್ ಇಲ್ಲದಿದ್ದರೆ ಕೆಲಸ ಶುರು ಮಾಡಬೇಡಿ.

ಬಿಚ್ಚುವುದು

1. ಹಿಂದಿನ ದಿನವೇ ಪಂಪ್, ರೈಲ್ ಸುತ್ತಮುತ್ತ ತೊಳೆದು ಗಾಳಿ ಹೊಡೆದು ಒಣಗಿಸಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಅಡ್ಡ ಕೊಡಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ.

2. ಒಳಗೆ ಬರುವ ಹೋಸ್ ಯಾವುದು, ರಿಟರ್ನ್ ಯಾವುದು ಎಂದು ಗುರುತು ಹಾಕಿ ಕಳಚಿ. ತೆರೆದ ಪ್ರತಿ ಬಾಯಿಗೂ ಆ ಕ್ಷಣದಲ್ಲೇ ಕ್ಯಾಪ್ ಹಾಕಿ, ಆಮೇಲೆ ಹಾಕೋಣ ಎಂದು ಬಿಡಬೇಡಿ.

3. ಹೈ ಪ್ರೆಶರ್ ಪೈಪಿನ ನಟ್ ಬಿಚ್ಚುವಾಗ ಪಂಪಿನ ಕಡೆಯ ಫಿಟಿಂಗನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದಿರಿ. ಹಿಡಿಯದಿದ್ದರೆ ನಟ್ ಜೊತೆ ಫಿಟಿಂಗೂ ತಿರುಗಿ ಅಲ್ಲಿ ಲೀಕೇಜ್ ಶುರುವಾಗುತ್ತದೆ.

4. ಪಂಪನ್ನು ತಿರುಗಿಸುವುದು ಗೇರೋ ಚೈನೋ ಬೆಲ್ಟೋ ನೋಡಿ. ಮೂರು ಪ್ಲಂಜರಿನ ರೇಡಿಯಲ್ ಪಂಪಿಗೆ ಹಳೇ ಪಂಪಿನಂತೆ ಟೈಮಿಂಗ್ ಕೂಡಿಸುವ ಅಗತ್ಯ ಇರುವುದಿಲ್ಲ. ಡೀಸೆಲ್ ಯಾವಾಗ ಬಿಡಬೇಕು ಎಂದು ತೀರ್ಮಾನಿಸುವುದು ಇಸಿಯು. ಆದರೆ ಪಂಪ್ ಬಿಚ್ಚುವಾಗ ಚೈನ್ ಅಥವಾ ಬೆಲ್ಟ್ ಒಂದು ಹಲ್ಲು ಜಾರಿದರೂ ಇಂಜಿನ್ನಿನ ವಾಲ್ವ್ ಟೈಮಿಂಗ್ ಹೋಗುತ್ತದೆ. ಅದಕ್ಕಾಗಿ ಇಂಜಿನ್ನನ್ನು ಟಿಡಿಸಿಗೆ (1ನೇ ಪಿಸ್ಟನ್ ಪೂರ್ತಿ ಮೇಲೆ ಬರುವ ಸ್ಥಾನ) ತಂದು, ಲಾಕಿಂಗ್ ಪಿನ್ ಹಾಕಿ, ಬಣ್ಣದಿಂದ ಗುರುತು ಮಾಡಿ. ಕೆಲವು ಪಂಪ್‌ಗಳಿಗೆ ಗುರುತು ಕೂಡಿಸಿಯೇ ಹಾಕಬೇಕು. ಮ್ಯಾನುಯಲ್ ನೋಡದೆ ಮುಂದುವರಿಯಬೇಡಿ.

5. ಶಾಫ್ಟ್ ನಟ್ ತೆಗೆದು ಪುಲ್ಲರ್ ಹಾಕಿ. ಶಾಫ್ಟ್ ಟೇಪರ್ (ತುದಿಗೆ ಹೋದಂತೆ ಸಣ್ಣ) ಆಗಿರುವುದರಿಂದ ಗೇರ್ ಕಚ್ಚಿಕೊಂಡಿರುತ್ತದೆ. ಪುಲ್ಲರ್ ಬಿಗಿಸಿ ಸ್ವಲ್ಪ ಕಾದರೆ ‘ಟಕ್’ ಎಂದು ಬಿಡುತ್ತದೆ. ಸುತ್ತಿಗೆ ಏಟು ಕೊಟ್ಟರೆ ಪಂಪಿನ ಬೇರಿಂಗೂ ಗೇರಿನ ಹಲ್ಲೂ ಹಾಳು. ಶಾಫ್ಟಿನ ಕೀ (ಗೇರ್ ಜಾರದಂತೆ ಗಾಡಿಯಲ್ಲಿ ಕೂರುವ ಉಕ್ಕಿನ ಸಣ್ಣ ತುಂಡು) ಇದ್ದರೆ ಅದು ಟೈಮಿಂಗ್ ಕವರಿನೊಳಗೆ ಬೀಳದಂತೆ ಬಟ್ಟೆ ತುರುಕಿಡಿ.

6. ಪಂಪನ್ನು ಇಂಜಿನ್ನಿಗೆ ಹಿಡಿದಿಟ್ಟ ಫ್ಲಾಂಜ್ ಬೋಲ್ಟ್‌ಗಳನ್ನು ಸಮನಾಗಿ ಸಡಿಲಿಸಿ ಪಂಪನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ಹಳೇ ಓ ರಿಂಗ್ ಗೂಡಿನಲ್ಲೇ ಉಳಿದಿದೆಯೇ ನೋಡಿ ತೆಗೆಯಿರಿ.

ಕೂರಿಸುವುದು

ಹೊಸ ಪಂಪನ್ನು ಒಣಗಿದ್ದಂತೆ ಹಾಕಬೇಡಿ. ಡೀಸೆಲ್ ಒಳಬರುವ ಬಾಯಿಗೆ ಶುದ್ಧ ಡೀಸೆಲ್ ತುಂಬುತ್ತಾ ಶಾಫ್ಟನ್ನು ಕೈಯಿಂದ ಇಂಜಿನ್ ತಿರುಗುವ ದಿಕ್ಕಿಗೇ ನಿಧಾನ ತಿರುಗಿಸಿ. ಎಲ್ಲೂ ಕಚ್ಚದೆ, ಪ್ಲಂಜರಿನ ಬಿಗಿ ಮಾತ್ರ ಕೈಗೆ ತಾಗುವಂತೆ ತಿರುಗಬೇಕು. ಮೊದಲ ಸೆಕೆಂಡ್‌ಗಳಲ್ಲಿ ಒಣ ಲೋಹ ಒಣ ಲೋಹಕ್ಕೆ ಉಜ್ಜಿದರೆ ಆದ ಗೀರು ಮುಂದೆ ಎಂದಿಗೂ ಮಾಯುವುದಿಲ್ಲ.

ಓ ರಿಂಗಿಗೆ ಇಂಜಿನ್ ಆಯಿಲ್ ಸವರಿ ಪಂಪನ್ನು ಕೈಯಿಂದಲೇ ಪೂರ್ತಿ ಒಳಗೆ ಕೂರಿಸಿ; ಬೋಲ್ಟ್ ಬಿಗಿಸಿ ಎಳೆದುಕೊಳ್ಳಬೇಡಿ. 8 ಎಂಎಂ ಫ್ಲಾಂಜ್ ಬೋಲ್ಟಿಗೆ ಸುಮಾರು 20ರಿಂದ 25 ನ್ಯೂಟನ್ ಮೀಟರ್, ಸರದಿಯಂತೆ. ಶಾಫ್ಟಿನ ಟೇಪರ್, ಗೇರಿನ ಒಳಮೈ ಎರಡನ್ನೂ ಬ್ರೇಕ್ ಕ್ಲೀನರಿನಿಂದ ಒರೆಸಿ ಒಣಗಿಸಿ. ಅಲ್ಲಿ ಎಣ್ಣೆ ಇದ್ದರೆ ಗೇರ್ ಜಾರಬಹುದು. ಶಾಫ್ಟ್ ನಟ್ ಬಿಗಿತ ಮ್ಯಾನುಯಲ್ ಹೇಳಿದಷ್ಟೇ ಇರಲಿ. ಲಾಕಿಂಗ್ ಪಿನ್ ತೆಗೆದ ಮೇಲೆ ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುತ್ತವೆಯೇ ನೋಡಿ.

ಹೈ ಪ್ರೆಶರ್ ಪೈಪಿನ ಎರಡೂ ತುದಿಯ ನಟ್‌ಗಳನ್ನು ಮೊದಲು ಬೆರಳಿನಲ್ಲೇ ಪೂರ್ತಿ ಕೂರಿಸಿ, ಆಮೇಲೆ ಸ್ಪ್ಯಾನರ್. ಪೈಪ್ ತಾನಾಗಿ ಕೂರದಿದ್ದರೆ ಬಗ್ಗಿಸಿ ಹೊಂದಿಸಬೇಡಿ. ಪಂಪೋ ರೈಲೋ ಸರಿಯಾಗಿ ಕೂತಿಲ್ಲ ಎಂದರ್ಥ. ಈ ನಟ್‌ಗಳಿಗೆ 25ರಿಂದ 30 ನ್ಯೂಟನ್ ಮೀಟರ್ ಸಾಮಾನ್ಯ. ಸೋರಿದರೆ ಇನ್ನಷ್ಟು ಬಿಗಿಸುವುದು ಪರಿಹಾರವಲ್ಲ. ಬಿಚ್ಚಿ ಪೈಪ್ ತುದಿಯ ಶಂಕುವಿನಾಕಾರದ ಮುಖದಲ್ಲಿ ಕಸ, ಗೀರು ನೋಡಬೇಕು.

ಹೊಸ ಫಿಲ್ಟರಿಗೆ ಮೇಲಿನಿಂದ ಕ್ಯಾನಿನ ಡೀಸೆಲ್ ಸುರಿಯುವ ರೂಢಿ ಬಿಡಿ. ನಡುವಿನ ರಂಧ್ರದಲ್ಲಿ ಸುರಿದದ್ದು ಸೋಸದೆ ನೇರ ಪಂಪಿಗೆ ಹೋಗುತ್ತದೆ. ಪ್ರೈಮರಿನಿಂದಲೇ ತುಂಬಿಸಿ, ಕೈ ನೋಯಲಿ.

ಏರ್ ತೆಗೆದು ಸ್ಟಾರ್ಟ್ ಮಾಡುವುದು

ಪಂಪಿನ ರಿಟರ್ನ್ ಹೋಸಿಗೆ ಪಾರದರ್ಶಕ ತುಂಡು ಸೇರಿಸಿ ಬಾಟಲಿಗೆ ಬಿಟ್ಟು ಪ್ರೈಮರ್ ಒತ್ತಿ. ನೂರು ಸಲವಾದರೂ ಒತ್ತಬೇಕಾಗಬಹುದು. ಗುಳ್ಳೆ ನಿಂತು, ಪ್ರೈಮರ್ ಕಲ್ಲಿನಂತಾಗುವವರೆಗೆ ಸೆಲ್ಫ್ ಮುಟ್ಟಬೇಡಿ. ಆಮೇಲೆ ಹೋಸ್ ಸೇರಿಸಿ, ಬ್ಯಾಟರಿ ಕೊಟ್ಟು, 10 ಸೆಕೆಂಡ್ ಸೆಲ್ಫ್, ಒಂದು ನಿಮಿಷ ಬಿಡುವು. ಹೀಗೆ ಐದಾರು ಸಲ. ರೈಲ್ ಪ್ರೆಶರ್ ಪ್ರತಿ ಸಲ ಸ್ವಲ್ಪ ಏರುತ್ತಿದ್ದರೆ ಮುಂದುವರಿಸಿ. ಅಲ್ಲಾಡದೆ ಸೊನ್ನೆಯಲ್ಲೇ ಇದ್ದರೆ ನಿಲ್ಲಿಸಿ ಮತ್ತೆ ಪ್ರೈಮರಿಗೆ ಹೋಗಿ. ಗಾಡಿ ತಳ್ಳಿ, ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿ ಸ್ಟಾರ್ಟ್ ಮಾಡಬೇಡಿ, ಹೊಸ ಪಂಪ್ ಒಣಗಿದ್ದಂತೆ ಜೋರಾಗಿ ತಿರುಗುತ್ತದೆ. ಏರ್ ಫಿಲ್ಟರಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದೂ ಬೇಡ. ಹೀಟರ್ ಪ್ಲಗ್ ಇರುವ ಇಂಜಿನ್ನಿನಲ್ಲಿ ಅದು ಅಪಾಯ.

ಸ್ಟಾರ್ಟ್ ಆದ ಮೇಲೆ 5 ನಿಮಿಷ ಐಡ್ಲಿಂಗ್, ರೇಸ್ ಬೇಡ. ರಟ್ಟು ಹಿಡಿದು ಜಾಯಿಂಟ್‌ಗಳ ಸುತ್ತ ಲೀಕೇಜ್ ನೋಡಿ. ಕೋಡ್‌ಗಳನ್ನು ಅಳಿಸಿ. ಕೆಲವು ಇಸಿಯುಗಳಲ್ಲಿ ಹಳೇ ಪಂಪಿಗೆ ಹೊಂದಿಕೊಂಡ ಲೆಕ್ಕ ಉಳಿದಿರುತ್ತದೆ. ಸ್ಕ್ಯಾನರಿನಲ್ಲಿ ಪಂಪ್ ಅಥವಾ ಮೀಟರಿಂಗ್ ಯೂನಿಟ್ ರೀಸೆಟ್ ಇದ್ದರೆ ಮಾಡಿ, ಇಲ್ಲದಿದ್ದರೆ ಐಡ್ಲಿಂಗ್ ಏರಿಳಿಯಬಹುದು. ಇಂಜೆಕ್ಟರನ್ನೂ ಬದಲಿಸಿದ್ದರೆ ಅದರ ತಲೆಯ ಮೇಲಿನ ಕೋಡನ್ನು ಇಸಿಯುವಿಗೆ ಬರೆಸಬೇಕು. ನಂತರ ಲೋಡ್ ಹಾಕಿ ಒಂದು ಏರು ಹತ್ತಿಸಿ, ಜೊತೆಗೆ ಕೂತವರು ಸ್ಕ್ಯಾನರ್ ನೋಡಲಿ. ಕೇಳಿದ ಪ್ರೆಶರ್ ಹಿಂದೆಯೇ ಸಿಕ್ಕ ಪ್ರೆಶರ್ ಓಡಬೇಕು. ಗಾಡಿ ಓಡಿಸುವವರು ಪರದೆ ನೋಡಬಾರದು.

ಹಳೇ ಮೆಕ್ಯಾನಿಕಲ್ ಪಂಪ್ ಗಾಡಿಗಳಿಗೆ

ಇವುಗಳಲ್ಲಿ ಮೊದಲು ನೋಡಬೇಕಾದ್ದು ಮುಖ್ಯ ಇಂಜೆಕ್ಷನ್ ಪಂಪಾದ ಎಫ್‌ಐಪಿ ಅಲ್ಲ, ಅದಕ್ಕೆ ಡೀಸೆಲ್ ಕೊಡುವ ಫೀಡ್ ಪಂಪ್. ಅದರ ಔಟ್ ಪೈಪ್ ಬಿಚ್ಚಿ ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆದರೆ ಚಿಮ್ಮಿ ಚಿಮ್ಮಿ ಬರಬೇಕು. ಬರದಿದ್ದರೆ ಒಳಬರುವ ಕಡೆಯ ಸಣ್ಣ ಜಾಲರಿ ತೊಳೆಯಿರಿ. ಆಗಲೂ ಇಲ್ಲ ಎಂದರೆ ಫೀಡ್ ಪಂಪ್ ಬದಲಿಸಿ. ಎರಡು ಮೂರು ನಟ್, ಒಂದು ಪ್ಯಾಕಿಂಗ್, ಬ್ಯಾಂಜೋಗೆ ಹೊಸ ತಾಮ್ರದ ವಾಷರ್, ಅಷ್ಟೇ ಕೆಲಸ. ಆಮೇಲೆ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ, ನಂತರ ಎಫ್‌ಐಪಿ ಮೇಲಿನದು, ಈ ಕ್ರಮದಲ್ಲಿ ಏರ್ ತೆಗೆಯಿರಿ. ಎಫ್‌ಐಪಿಯನ್ನೇ ಇಳಿಸಬೇಕಾಗಿ ಬಂದರೆ ಫ್ಲಾಂಜ್ ಮತ್ತು ಇಂಜಿನ್ ಮೇಲೆ ಒಂದೇ ಗೆರೆ ಕೊರೆದು ಗುರುತು ಮಾಡಿ. ಇಲ್ಲಿ ಟೈಮಿಂಗ್ ಪಂಪಿನದೇ. ಒಂದೆರಡು ಡಿಗ್ರಿ ಆಚೀಚೆ ಆದರೂ ಬಡಿತ, ಹೊಗೆ, ಮೈಲೇಜ್ ನಷ್ಟ. ಪಂಪಿನ ಒಳಗಿನ ಕ್ಯಾಲಿಬ್ರೇಷನ್ ಟೆಸ್ಟ್ ಬೆಂಚ್ ಇರುವವರ ಕೆಲಸ, ಸೀಲ್ ಒಡೆದು ಸ್ಕ್ರೂ ತಿರುಗಿಸಬೇಡಿ.

ಪಂಪ್ ಬದಲಿಸಿ 500 ಕಿಲೋಮೀಟರ್ ಓಡಿದ ಮೇಲೆ ಫಿಲ್ಟರಿನ ತಳದ ಡೀಸೆಲನ್ನು ಮತ್ತೊಮ್ಮೆ ಬಿಳಿ ಬಟ್ಟಲಿಗೆ ಬಿಟ್ಟು ಆಯಸ್ಕಾಂತ ಆಡಿಸಿ ನೋಡಿ. ಲೋಹದ ಪುಡಿ ಕಂಡಿದ್ದ ಗಾಡಿಯಾದರೆ ಆ ಫಿಲ್ಟರನ್ನು ಅಲ್ಲಿಗೇ ತೆಗೆದು ಹೊಸದು ಹಾಕಿ; ಟ್ಯಾಂಕ್ ಎಷ್ಟೇ ತೊಳೆದರೂ ಮೂಲೆಯಲ್ಲಿ ಉಳಿದ ಪುಡಿ ಈ ಹೊತ್ತಿಗೆ ಫಿಲ್ಟರಿಗೆ ಬಂದು ಸೇರಿರುತ್ತದೆ. ಹಳೇ ಪಂಪನ್ನು ಗುಜರಿಗೆ ಹಾಕಬೇಡಿ. ಕವಚ ಒಡೆಯದಿದ್ದರೆ ರೀಕಂಡೀಷನ್ ಮಾಡುವವರು ಅದನ್ನು ಬದಲಿಗೆ ತೆಗೆದುಕೊಂಡು ಬಿಲ್ಲಿನಲ್ಲಿ ಕಡಿಮೆ ಮಾಡುತ್ತಾರೆ.